ಸಿಕ್ಸ್ಟೆನ್ ಹೂತ ಕೊಳವೆ, ಸೋಲ್ವೇಗ್ ಬೆಳೆದ ಆಲೂಗಡ್ಡೆ

"ಬಂಡೆ ಕೊರೆಸೋದು ತಲೆ ಇಲ್ಲದವರ ಕೆಲಸ!" ಎಂದು ಸಿಕ್ಸ್ಟೆನ್ ಘೋಷಿಸಿದ.

ಮೂವತ್ತೊಂದು ವರ್ಷ ಲಿಂಡ್‌ವಿಕ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮಹಾನುಭಾವ. ಎದುರಿಗೆ ಯಾರೇ ನಿಂತಿರಲಿ, ಅವನ ಕಣ್ಣಿಗೆ ಆರನೇ ಕ್ಲಾಸಿನ ಹುಡುಗರೇ. ಹೊಸ ಮನೆಯ ಗೋಡೆ ಎದ್ದಿತ್ತು, ಮನೆ ಬೆಚ್ಚಗಿಡುವ ಹೀಟ್ ಪಂಪೂ ಬಂದು ಕೂತಿತ್ತು. ಅದಕ್ಕೆ ನೆಲದ ಬಿಸಿ ಹೀರಿಕೊಡುವ ಕೊಳವೆಯನ್ನು ಎಲ್ಲಿ ಹಾಕುವುದು ಅನ್ನುವುದಷ್ಟೇ ಬಾಕಿ. ದಾರಿ ಎರಡೇ. ಬಂಡೆಯಲ್ಲಿ ನೂರೆಂಬತ್ತು ಮೀಟರ್ ನೆಟ್ಟಗೆ ಕೊರೆಸಿ ಇಳಿಸಬೇಕು, ಇಲ್ಲವೇ ತೋಟದಲ್ಲಿ ಒಂದು ಮೀಟರ್ ಆಳಕ್ಕೆ ಕಾಲುವೆ ತೋಡಿ, ನಾನೂರು ಮೀಟರ್ ಕೊಳವೆಯನ್ನು ಹಾವಿನ ಹಾಗೆ ಹೊರಳಿಸಿ ಹೂಳಬೇಕು.

"ಸುಮ್ನೆ ಕೊರೆಸಿಬಿಡೋ ಮಾರಾಯಾ," ಎಂದ ಪಕ್ಕದ ಮನೆಯ ಎವರ್ಟ್. "ನಾನು ಕೊರೆಸಿ ಹತ್ತು ವರ್ಷ ಆಯ್ತು. ಬಂಡೆ ಒಳಗೆ ಯಾರೂ ಆಲೂಗಡ್ಡೆ ಹಾಕಲ್ಲ ನೋಡು."

ಆಲೂಗಡ್ಡೆ ಅಂದದ್ದೇ ತಡ, ಸಿಕ್ಸ್ಟೆನ್‌ನ ಹೆಂಡತಿ ಸೋಲ್ವೇಗ್ ಕಿವಿ ನಿಮಿರಿಸಿದಳು. ಜೂನ್ ತಿಂಗಳ ನಡುಬೇಸಿಗೆ ಹಬ್ಬದ ದಿನ ಸ್ವಂತ ಮಣ್ಣಿನ ಎಳೆ ಆಲೂಗಡ್ಡೆ ಬೇಯಿಸಿ, ಸಬ್ಬಸಿಗೆ ಉದುರಿಸಿ, ಹೆರಿಂಗ್ ಮೀನಿನ ಜೊತೆ ಬಡಿಸದ ಮನೆ ಒಂದು ಮನೆಯೇ? ಅಂಗಡಿಯಿಂದ ತಂದು ಬಡಿಸಿದರೆ ಊರಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ! ಹಳೆಯ ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ಅವಳು ಹಬ್ಬದ ಆಲೂಗಡ್ಡೆಯ ಗಾತ್ರದಲ್ಲಿ ಎವರ್ಟ್‌ನನ್ನು ಸೋಲಿಸಿದ್ದಳು. ದಕ್ಷಿಣಕ್ಕೆ ಬಿಸಿಲು ಬೀಳುವ ಮಣ್ಣಿದೆ ಎಂಬ ಒಂದೇ ಕಾರಣಕ್ಕೆ ಈ ಜಾಗಕ್ಕೆ ಒಪ್ಪಿದ್ದಳು. ಮುಂದಿನ ಹಬ್ಬದ ಊಟ ತಮ್ಮ ಮನೆಯಲ್ಲೇ ಎಂದು ಎವರ್ಟ್‌ಗೆ ಆಗಲೇ ಹೇಳಿಯೂ ಆಗಿತ್ತು.

"ನೀನು ಎಲ್ಲಿ ಬೇಕಾದ್ರೂ ಅಗಿ. ನನ್ನ ಪಾತಿ ಹತ್ರ ಮಾತ್ರ ಸುಳೀಬೇಡ."

"ನನ್ನಾಣೆ, ಸುಳಿಯಲ್ಲ! ಸುತ್ತ ಹಾಕ್ತೀನಿ. ಎಲ್ಲಾ ಲೆಕ್ಕ ಹಾಕಿದೀನಿ."

ಸೋಲ್ವೇಗ್ ತನ್ನ ಅಕ್ಕನ ಮನೆಗೆ ಹೋದ ವಾರ ನೋಡಿಕೊಂಡು ಅವನು ಪುಟ್ಟ ಜೆಸಿಬಿ ಬಾಡಿಗೆಗೆ ತಂದ. ಉತ್ತರದಲ್ಲಿ ಅಗೆದ: ಟಣ್! ಪೂರ್ವದಲ್ಲಿ ಅಗೆದ: ಟಣ್! ಮೊಣಕಾಲು ಆಳಕ್ಕೇ ಬಂಡೆ. ಪಶ್ಚಿಮದಲ್ಲಿ ಹೇಗೋ ಇನ್ನೂರು ಮೀಟರ್ ಹೂತ, ಉಳಿದ ಇನ್ನೂರು ಅವನ ಕೈಯಲ್ಲೇ ಉಳಿಯಿತು. ಇಡೀ ಜಾಗದಲ್ಲಿ ಮೆತ್ತಗಿನ ಮಣ್ಣು ಇನ್ನು ಉಳಿದದ್ದು ಒಂದೇ ಕಡೆ. ಎಲ್ಲಿ ಅಂತ ನಾನು ಹೇಳಬೇಕೆ?

ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಅಂತರ ಬಿಡದಿದ್ದರೆ ಮಣ್ಣು ಹೆಪ್ಪುಗಟ್ಟುತ್ತದೆ ಎಂದು ಪಂಪಿನವರು ಸಾರಿ ಸಾರಿ ಹೇಳಿದ್ದರು. ಸಿಕ್ಸ್ಟೆನ್ ಅರ್ಧ ಮೀಟರ್ ಬಿಟ್ಟ. ಇನ್ನೂರು ಮೀಟರನ್ನೂ ಪಾತಿಯ ಅಡಿಗೆ ತುರುಕಿ, ಮಣ್ಣು ಮುಚ್ಚಿ, ಕುಂಟೆ ಎಳೆದು, ಮೇಲೆ ಒಣ ಎಲೆಯನ್ನೂ ಹರಡಿದ. ಕಳ್ಳರಿಗೂ ಇಷ್ಟು ಶ್ರದ್ಧೆ ಇರುವುದಿಲ್ಲ.

"ಸುತ್ತಾನೇ ಹಾಕಿದ್ಯಾ?" ಎಂದಳು ಸೋಲ್ವೇಗ್ ಬಂದವಳೇ.

"ಸುತ್ತಾನೇ!"

ಚಳಿಗಾಲವಿಡೀ ಸಿಕ್ಸ್ಟೆನ್‌ನದೇ ರಾಜ್ಯಭಾರ. ಹೊರಗೆ ಮೈನಸ್ ಹದಿನೆಂಟು. ಒಳಗೆ ಸಾಹೇಬರು ಬರಿಗಾಲಲ್ಲಿ! ನೆಲದಿಂದಲೇ ಬಿಸಿ ಏಳುವ ತನ್ನ ಓದುವ ಕೋಣೆಯಲ್ಲಿ, ದೊಡ್ಡ ಕಿಟಕಿಯ ಪಕ್ಕ ಆರಾಮಕುರ್ಚಿ ಹಾಕಿಕೊಂಡು, ಕಾಫಿಗೆ ಬಂದ ಎವರ್ಟ್‌ಗೆ ಪಾಠ ಮಾಡಿದ. "ತಲೆ ಇರಬೇಕು ಎವರ್ಟ್, ತಲೆ! ಡ್ರಿಲ್ ಅಲ್ಲ."

ಏಪ್ರಿಲ್ ಬಂತು. ಊರಲ್ಲೆಲ್ಲ ಹಿಮ ಕರಗಿತು. ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಹೊರಗೆ ನೋಡಿದ ಸೋಲ್ವೇಗ್ ಕಾಫಿ ಲೋಟ ಕೆಳಗಿಟ್ಟಳು.

"ಸಿಕ್ಸ್ಟೆನ್, ಬಾ ಇಲ್ಲಿ. ನನ್ನ ಪಾತಿ ಮೇಲೆ ಯಾರು ಚಿತ್ರ ಬರೆದಿರೋದು?"

ಅವನು ನೋಡಿದ. ಕಪ್ಪು ಮಣ್ಣಿನ ಮೇಲೆ ಬೆಳ್ಳಗೆ ಹಿಮದ ಗೆರೆ. ಹೋಗಿ, ತಿರುಗಿ, ಬಂದು, ಮತ್ತೆ ತಿರುಗಿ, ಅರ್ಧರ್ಧ ಮೀಟರಿಗೊಂದು! ಅವನು ಬಚ್ಚಿಟ್ಟಿದ್ದ ನಕ್ಷೆಯನ್ನೇ ಹಿಮ ಅಚ್ಚುಕಟ್ಟಾಗಿ ಬರೆದಿತ್ತು.

"ಅದು... ಮರದ ನೆರಳಿಗೆ ಹಿಮ ಕರಗಿಲ್ಲ ಅನ್ಸುತ್ತೆ."

"ಯಾವ ಮರ? ಹಾವಿನ ಹಾಗೆ ಹೊರಳಾಡೋ ಮರ ನಮ್ಮಲ್ಲಿ ಎಲ್ಲಿದೆ, ತೋರ್ಸು!"

ಸೋಲ್ವೇಗ್ ಹಾರೆ ತಂದು ಪಾತಿಗೆ ಕುಕ್ಕಿದಳು. ಟಣ್! ಮಣ್ಣು ಕಲ್ಲಾಗಿತ್ತು. ಮೇ ತಿಂಗಳ ಮೊದಲ ದಿನವೇ ಮತ್ತೆ ಕುಕ್ಕಿದಳು. ಆಗಲೂ ಟಣ್!

"ಆಣೆ ಮಾಡಿದ್ಯಲ್ಲೋ! ನನ್ನ ಮಣ್ಣಿನ ಬಿಸಿ ಕದ್ದು, ನಿನ್ನ ಕಾಲು ಕಾಯಿಸ್ಕೊಂಡ್ಯಾ?"

ಮೊಟ್ಟೆಯ ಟ್ರೇಗಳಲ್ಲಿಟ್ಟಿದ್ದ ಬೀಜದ ಗಡ್ಡೆಗಳು ಅಷ್ಟು ಹೊತ್ತಿಗೆ ಮೊಳಕೆಯೊಡೆದು ಕಾಯುತ್ತಿದ್ದವು. ಸೋಲ್ವೇಗ್‌ಗೆ ಅಳು ಬಂತು, ನಿಜವಾಗಿಯೂ ಬಂತು. ಸಿಕ್ಸ್ಟೆನ್‌ಗೆ ತನ್ನ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು ಮನೆಯೊಳಗೆಲ್ಲ ಒಂದು ಸುತ್ತು ಹಾಕಿದಳು. ಬರಿಗಾಲಲ್ಲಿ ನೆಲ ಮುಟ್ಟಿ ಮುಟ್ಟಿ ನೋಡಿದಳು. ಓದುವ ಕೋಣೆಯಲ್ಲಿ ನಿಂತಳು. ದಕ್ಷಿಣದ ಬಿಸಿಲು, ದೊಡ್ಡ ಕಿಟಕಿ, ಬೆಚ್ಚನೆಯ ನೆಲ!

"ಕುರ್ಚಿ ಎತ್ತು," ಎಂದಳು.

ಸಂಜೆಯೊಳಗೆ ಪುಸ್ತಕಗಳು ಗ್ಯಾರೇಜಿಗೆ ಹೋದವು, ಆಲೂಗಡ್ಡೆ ನೆಟ್ಟ ಇಪ್ಪತ್ತಾರು ಬಕೆಟ್ಟುಗಳು ಒಳಗೆ ಬಂದವು. ಮಣ್ಣು ಹೊತ್ತದ್ದು ಸಿಕ್ಸ್ಟೆನ್. ನೀರು ಹಾಕಿದ್ದೂ ಸಿಕ್ಸ್ಟೆನ್. ಆರಾಮಕುರ್ಚಿಗೆ ಜಾಗ ಸಿಕ್ಕಿದ್ದು ಹೊರಗೆ, ಹೆಪ್ಪುಗಟ್ಟಿದ ಪಾತಿಯ ಪಕ್ಕ. ಉಣ್ಣೆಯ ಟೋಪಿ ಎಳೆದುಕೊಂಡು ಅಲ್ಲೇ ಪೇಪರ್ ಓದುತ್ತಿದ್ದ.

"ಕೋಣೆ ಒಳಗೆ ಒಂದು ಸ್ಟೂಲ್ ಆದ್ರೂ ಹಾಕ್ಕೊಳ್ಲಾ?"

"ಗಿಡಕ್ಕೆ ಬಿಸಿಲು ಅಡ್ಡ ಆಗ್ತೀಯ."

ಹಬ್ಬ ಬಂತು. ತೋಟದಲ್ಲೇ ಊಟದ ಮೇಜು ಹಾಕಿದರು. ಎವರ್ಟ್ ತನ್ನ ತೋಟದ ಆಲೂಗಡ್ಡೆಯನ್ನು ಬಟ್ಟೆ ಮುಚ್ಚಿ ತಂದ. ಆ ವರ್ಷ ವಸಂತವೇ ತಡವಾಗಿತ್ತು. ಪಾಪ, ಗೋಲಿ ಗಾತ್ರದವು. ಸೋಲ್ವೇಗ್ ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಹಬೆಯೆದ್ದಿತು, ಸಬ್ಬಸಿಗೆ ಘಮ್ಮೆಂದಿತು. ಒಂದೊಂದೂ ಕೋಳಿಮೊಟ್ಟೆಯಷ್ಟು!

ಎವರ್ಟ್ ಕಣ್ಣರಳಿಸಿ ಪಾತಿಯತ್ತ ನೋಡಿದ. ಅಲ್ಲಿ ಒಂದು ಹಸಿರೆಲೆಯೂ ಇಲ್ಲ. ಬದಲಿಗೆ, ಮೇಲಷ್ಟೇ ಕರಗಿದ ಮಣ್ಣಿನಲ್ಲಿ ಕತ್ತಿನವರೆಗೆ ಹೂತ ಬಿಯರ್ ಬಾಟಲಿಗಳು ಸಾಲಾಗಿ ತಣ್ಣಗಾಗುತ್ತಿದ್ದವು. ಅವುಗಳ ಪಕ್ಕ ಒಂದು ಆರಾಮಕುರ್ಚಿ, ಅದರ ಮೇಲೊಂದು ಉಣ್ಣೆಯ ಟೋಪಿ. ಎವರ್ಟ್ ಎದ್ದು ಹೋಗಿ ಮಣ್ಣು ಮುಟ್ಟಿ ನೋಡಿದ, ಮನೆಯೊಳಗೆ ಇಣುಕಿದ, ಬಕೆಟ್ ಎಣಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಆಲೂಗಡ್ಡೆ ಒಳಗೆ, ಗಂಡ ಹೊರಗೆ! ಅಲ್ವೋ ಸಿಕ್ಸ್ಟೆನ್, ತಲೆ ಇರಬೇಕು ಅಂದಿದ್ದೆ ನೀನು?"

ಸಿಕ್ಸ್ಟೆನ್‌ಗೆ ಇನ್ನು ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷದ ಗಣಿತವನ್ನೆಲ್ಲ ನುಂಗಿಕೊಂಡು ಎದ್ದು ನಿಂತ.

"ತಪ್ಪಾಯ್ತು ಸೋಲ್ವೇಗ್! ಕೊರೆಸೋಣ. ನಾಳೆನೇ ಫೋನ್ ಮಾಡ್ತೀನಿ, ನೂರೆಂಬತ್ತಲ್ಲ, ಇನ್ನೂರು ಮೀಟರೇ ಕೊರೆಸೋಣ!"

ಸೋಲ್ವೇಗ್ ಒಂದು ಆಲೂಗಡ್ಡೆಗೆ ಬೆಣ್ಣೆ ಸವರಿ ಅವನ ತಟ್ಟೆಗೆ ಹಾಕಿದಳು.

"ಏನೂ ಬೇಡ," ಎಂದಳು. "ಕೊರೆಸಿದ್ರೆ ಪಾತಿ ಬೆಚ್ಚಗಾಗುತ್ತೆ. ಪಾತಿ ಬೆಚ್ಚಗಾದ್ರೆ ಆಲೂಗಡ್ಡೆ ಹೊರಗೆ ಹೋಗುತ್ತೆ. ಆಮೇಲೆ ನೀನು ಒಳಗೆ ಬರ್ತೀಯ."