ಸೋದರಮಾವನ ಪರಿಶೀಲನೆ

ಸುಳ್ಳು ಸುದ್ದಿಯೊಂದು ನನ್ನ ಕಣ್ಣಿಗೆ ಬಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವನು ನಾನು. ಪುರಾವೆ ಇಲ್ಲದೆ ಚಹಾ ಬಿಸಿ ಇದೆ ಎಂಬುದನ್ನೂ ನಂಬುವುದಿಲ್ಲ. ಈ ಕಾರಣಕ್ಕೆ ಹಲವು ಸಲ ನಾಲಿಗೆ ಸುಟ್ಟುಕೊಂಡಿದ್ದೇನೆ.

ನಮ್ಮ ಬಂಧುಬಳಗದ ಮೊಬೈಲ್ ಗ್ರೂಪಿನಲ್ಲಿ ಸತ್ಯವನ್ನು ಕಾಯುವ ಹೊಣೆ ನನ್ನದು. ಯಾರೂ ವಹಿಸಿದ್ದಲ್ಲ, ನಾನೇ ವಹಿಸಿಕೊಂಡದ್ದು. ಅಲ್ಲಿ ಸುಳ್ಳಿನ ಮುಖ್ಯ ಸರಬರಾಜುದಾರರು ನನ್ನ ಅಕ್ಕನ ಗಂಡ, ದೇಶನೂರಿನ ಬಸಣ್ಣ ಭಾವ. ಭತ್ತದ ಗದ್ದೆಯ ಬದುವಿನ ಮೇಲೆ ಕೂತು, ಹಾಗಲಕಾಯಿ ರಸ ಕುಡಿದು ಕನ್ನಡಕ ಬಿಸಾಡಿದವರ ಕಥೆಯನ್ನೂ ಬಾಹ್ಯಾಕಾಶದಿಂದ ಬರುವ ಕಿರಣಗಳ ಎಚ್ಚರಿಕೆಯನ್ನೂ ಕಳಿಸುತ್ತಲೇ ಇರುತ್ತಾರೆ. ಕಳಿಸುವುದಷ್ಟೇ! ಬೇರೆಯವರು ಬರೆದದ್ದನ್ನು ಎಂದೂ ಓದುವುದಿಲ್ಲ. ಪ್ರತಿಯೊಂದರ ಕೆಳಗೂ ನಾನು, 'ಇದು ಸುಳ್ಳು. ದಯವಿಟ್ಟು ಪರಿಶೀಲಿಸದೆ ಹಂಚಬೇಡಿ' ಎಂದು ಬರೆಯುತ್ತೇನೆ. ಬಳಗದವರು ಅದನ್ನು ಓದಿ, ಹಾಗಲಕಾಯಿ ತರಲು ಸಂತೆಗೆ ಹೋಗುತ್ತಾರೆ.

ಹೀಗಿರುವಾಗ ಭಾವನ ಮಗಳು ಸುಮಾಳ ನಿಶ್ಚಿತಾರ್ಥ ಗೊತ್ತಾಯಿತು. ಭಾನುವಾರ, ಕುರುಗೋಡಿನ ಕಲ್ಯಾಣಮಂಟಪದಲ್ಲಿ. ಸೋದರಮಾವ ತಂದ ಸೀರೆ ಉಟ್ಟ ಮೇಲೆಯೇ ಹುಡುಗಿಯ ಉಡಿ ತುಂಬುವುದು ನಮ್ಮ ಮನೆತನದ ಪದ್ಧತಿ. ಅಕ್ಕನಿಗಿರುವ ಒಬ್ಬನೇ ತಮ್ಮ ನಾನು. ಅಂದರೆ ನಾನಿಲ್ಲದೆ ಕಾರ್ಯ ನಡೆಯುವಂತಿಲ್ಲ. ಈ ಸಾಂವಿಧಾನಿಕ ಸ್ಥಾನಮಾನ ನನಗೆ ಬಹಳ ಇಷ್ಟ.

ಶುಕ್ರವಾರ ಗ್ರೂಪಿನಲ್ಲಿ ಭಾವನ ಸಂದೇಶ ಬಂತು: 'ಕಾರ್ಯ ಕುರುಗೋಡಿನಾಗ ಇಲ್ಲ. ಸಿರುಗುಪ್ಪದಾಗ ಐತಿ. ಎಲ್ಲಾರೂ ಬರ್ರಿ.' ಕೆಳಗೊಂದು ಕುಣಿಯುವ ಗುಲಾಬಿ.

ನನ್ನ ಹುಬ್ಬು ಮೇಲೇರಿತು. ಕಾರಣವಿಲ್ಲ, ಸಹಿ ಇಲ್ಲ, ಗುಲಾಬಿ ಮಾತ್ರ ಇದೆ! ಸುಳ್ಳಿನ ಸಕಲ ಲಕ್ಷಣಗಳೂ ಇದ್ದವು.

"ಅಕ್ಕಾರಿಗೆ ಒಂದ್ ಫೋನ್ ಹಚ್ಚಿ ಕೇಳ್ರಿ," ಎಂದಳು ಹೆಂಡತಿ ಗಿರಿಜಾ.

"ಫೋನ್ ಮಾಡಿ ಕೇಳೋದಕ್ಕ ಪರಿಶೀಲನೆ ಅಂತಾರೇನು? ಅದು ಬರೀ ವಿಚಾರಸೋದು!"

ಅವಳೇ ಹಚ್ಚಿದಳು. ನಿಶ್ಚಯದ ಮನೆಯಲ್ಲಿ ಫೋನ್ ಎತ್ತಲು ಯಾರಿಗೆ ಪುರುಸೊತ್ತು? ಬಡಕೊಂಡು ಬಡಕೊಂಡು ಸುಮ್ಮನಾಯಿತು.

ನಿಜ ಹೇಳಬೇಕೆಂದರೆ, ಹಿಂದಿನ ವಾರ ಅಕ್ಕ ಗಾಂಧಿನಗರದ ನಮ್ಮ ಮನೆಗೆ ಬಂದು, ಹೊರಡುವಾಗ ಚಪ್ಪಲಿ ಮೆಟ್ಟುತ್ತ 'ಸಿರುಗುಪ್ಪ' ಎಂದೇನೋ ಹೇಳಿದಂತೆ ನನಗೆ ನೆನಪಿತ್ತು. ಆದರೆ ನೆನಪನ್ನು ನಂಬಬಾರದು, ಅದು ಮಿದುಳು ಆಮೇಲೆ ಹೆಣೆದುಕೊಳ್ಳುವ ಕಥೆ ಎಂದು ನಾನು ಓದಿಕೊಂಡಿದ್ದೇನೆ. ಎಲ್ಲಿ ಓದಿದೆ ಎಂಬುದು ನೆನಪಿಲ್ಲ. ಭಾವನ ಸಂದೇಶ ನೋಡಿದ ಮೇಲೆ ನನ್ನ ಮಿದುಳೇ ಅಕ್ಕನ ಬಾಯಲ್ಲಿ ಸಿರುಗುಪ್ಪವನ್ನು ಇಟ್ಟಿರಬಹುದಲ್ಲವೇ? ಹೀಗೆ ಯೋಚಿಸಿ ನನ್ನ ನೆನಪನ್ನು ಸಾಕ್ಷಿಕಟ್ಟೆಯಿಂದ ಇಳಿಸಿ ಕಳಿಸಿದೆ. ಗ್ರೂಪಿನಲ್ಲಿ ಬರೆದೆ: 'ಸಿರುಗುಪ್ಪದ ಸುದ್ದಿ ಸುಳ್ಳು. ಕಾರ್ಯ ಕುರುಗೋಡಿನಲ್ಲೇ. ದಯವಿಟ್ಟು ಪರಿಶೀಲಿಸದೆ ಹಂಚಬೇಡಿ.'

ಮರುದಿನ ಹಲಕುಂದಿಯ ದೂರದ ಸಂಬಂಧಿಯೊಬ್ಬರಿಂದ ನನಗೊಂದು ಸಂದೇಶ ಬಂತು: 'ತುರ್ತು! ಸಿರುಗುಪ್ಪದ ಮಂಟಪದ ಚಾವಣಿ ಕುಸಿದಿದೆ. ಬಸಣ್ಣನವರ ಕಾರ್ಯಕ್ಕೆ ಕುರುಗೋಡಿಗೇ ಬರತಕ್ಕದ್ದು. ದಯವಿಟ್ಟು ಪರಿಶೀಲಿಸದೆ ಹಂಚಬೇಡಿ.'

ನಾನು ಕುಣಿಯುವುದೊಂದು ಬಾಕಿ. "ನೋಡು ಗಿರಿಜಾ! ಇದಕ್ಕ ಸ್ವತಂತ್ರ ಮೂಲ ಅಂತಾರ. ನಾನು ಹೇಳಿದ್ದನ್ನs ಮತ್ತೊಬ್ರೂ ಹೇಳ್ಯಾರ."

ಅವಳು ಫೋನನ್ನು ಹತ್ತಿರ ಹಿಡಿದು ಓದಿದಳು. "ಕೊನೀ ಮಾತು ನಿಮ್ಮದs ಇದ್ದಂಗೈತಲ್ರೀ?"

"ಒಳ್ಳೆ ಗದ್ಯ ಯಾರು ಬರದ್ರೂ ಹಂಗs ಇರತೈತಿ!"

ಭಾನುವಾರ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದೊಡ್ಡವ್ವನನ್ನೂ ಕರೆದುಕೊಂಡು ಬಾಡಿಗೆ ಟೆಂಪೋದಲ್ಲಿ ಕುರುಗೋಡಿಗೆ ಹೊರಟೆವು. ಮಂಟಪದ ಮುಂದೆ ಇಳಿದು ನೋಡಿದರೆ ಗೇಟಿಗೆ ನನ್ನ ಮುಷ್ಟಿಯಷ್ಟು ದೊಡ್ಡ ಬೀಗ. ಒಳಗೆ ಗೋಡೆಗೆ ಕಟ್ಟಿದ ಬಿದಿರಿನ ಮೇಲೆ ನಿಂತು ಯಾರೋ ಸುಣ್ಣ ಬಳಿಯುತ್ತಿದ್ದರು. "ರಿಪೇರಿ ನಡದೈತ್ರಿ. ಕಾರ್ಯ ಎಲ್ಲಾ ಬ್ಯಾರೆ ಕಡಿಗೆ ಹೋಗ್ಯಾವ," ಎಂದರು.

ಆದರೆ ರಸ್ತೆ ಖಾಲಿ ಇರಲಿಲ್ಲ. ನನ್ನ ಮಾತು ನಂಬಿ ಬಂದ ಬಳಗ ಆಗಲೇ ಅಲ್ಲಿ ನೆರೆದಿತ್ತು. ರೇಷ್ಮೆ ಸೀರೆ ಉಟ್ಟವರು, ತಲೆಗೆ ಪಟಗ ಸುತ್ತಿದವರು ಎಲ್ಲರೂ ಎದುರಿನ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದರು. ನನಗೆ ಆ ಗಳಿಗೆಯಲ್ಲೂ ಒಂದು ಕುತೂಹಲ. ಇಷ್ಟು ವರ್ಷ ನಿಜ ಹೇಳಿದಾಗ ಒಬ್ಬರೂ ಕಿವಿಗೊಡಲಿಲ್ಲ. ಒಂದೇ ಒಂದು ಸುಳ್ಳು ಹೇಳಿದೆ, ಊರೂರುಗಳಿಂದ ಬಂದರು! ಇದು ಹೇಗೆ ಸಾಧ್ಯ?

ದೊಡ್ಡವ್ವ ಗೇಟನ್ನೂ ನನ್ನನ್ನೂ ನೋಡಿದಳು. "ಏನೋ ವೀರೇಶ, ಬೀಗರನ್ನ ತೋರಸ್ತೀನಿ ಅಂತ ಕರಕೊಂಡ್ ಬಂದು ಬೀಗ ತೋರಸ್ತೀ?"

ಅಷ್ಟರಲ್ಲಿ ಗಿರಿಜಾಳ ಫೋನಿಗೆ ವಿಡಿಯೋ ಕರೆ ಬಂತು. ತೆರೆಯ ಮೇಲೆ ಸುಮಾ. ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು.

"ಮಾವಾ, ಎಲ್ಲಿ ಅದೀರಿ? ಬೀಗರು ಎದ್ದು ಹೊಂಟಾರ! ನಿಮಗ ಈ ಸಂಬಂಧ ಮನಸಿಲ್ಲಂತ, ಅದಕ್ಕs ಅರ್ಧ ಬಳಗ ಕಟಗೊಂಡು ಬ್ಯಾರೆ ಊರಿಗೆ ಹೋಗೀರಂತ. ಅವರ ಗ್ರೂಪಿನಾಗ ಬಂದೈತಿ!"

ನಾನೇ ಎತ್ತಿ ಆಡಿಸಿದ ಹುಡುಗಿ. ಅವಳೇ ಮೆಚ್ಚಿ, ಅಪ್ಪನನ್ನು ಒಪ್ಪಿಸಿ ಗೊತ್ತುಮಾಡಿಕೊಂಡ ಸಂಬಂಧ. ಅದು ನನ್ನ ಪರಿಶೀಲನೆಯಿಂದ ಮುರಿದುಬೀಳುವುದರಲ್ಲಿತ್ತು.

"ಸುಳ್ಳವ್ವಾ! ನನ್ನ ಪೂರ್ತಿ ಒಪ್ಪಿಗಿ ಐತಿ. ಸೀರಿ ನನ್ನ ಕೈಯಾಗs ಐತಿ ನೋಡು!"

ಫೋನನ್ನು ಗಂಡಿನ ಅಜ್ಜ ಕಿತ್ತುಕೊಂಡರು. ತೆರೆಯ ತುಂಬ ಬಿಳಿ ಮೀಸೆ. "ಇಂವ ಖರೇನs ಸೋದರಮಾವ ಅಂತ ಏನ್ ಗ್ಯಾರಂಟಿ? ಈಗಿನ ಕಾಲದಾಗ ಸತ್ತವರ ಬಾಯಾಗೂ ಮಾತು ಹಾಕಿ ವಿಡಿಯೋ ಮಾಡ್ತಾರ. ಹಳೇದನ್ನ ಹಚ್ಚಿರಬೇಕು."

ಎಂಥ ವೈಜ್ಞಾನಿಕ ಮನೋಭಾವ! ಬೇರೆ ದಿನವಾಗಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. "ಹೆಂಗ ನಂಬಸ್ಲಿ ಹೇಳ್ರಿ ಅಜ್ಜಾರ?"

"ಕಿವಿ ಹಿಡಕೋ."

ಹಿಡಿದುಕೊಂಡೆ.

"ಹಂಗಲ್ಲ. ಎಡಗೈಲೆ ಬಲಗಿವಿ. ಹಾಂ. ಈಗ ಬಸ್ಕಿ ಹೊಡಿ. ನಿಲ್ಲು ಅಂದಾಗ ನಿಲ್ಲಬೇಕು. ಹಳೇ ವಿಡಿಯೋ ಆದ್ರ ನನ್ನ ಮಾತು ಕೇಳಂಗಿಲ್ಲ."

ಹೀಗೆ, ಸಮಾಜಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನಾನು, ಕುರುಗೋಡಿನ ನಡುಬೀದಿಯಲ್ಲಿ, ಇಸ್ತ್ರಿ ಮಾಡಿದ ಜುಬ್ಬಾದಲ್ಲಿ, ಸಮಸ್ತ ಬಂಧುಬಳಗದ ಸಮಕ್ಷಮದಲ್ಲಿ ಬಸ್ಕಿ ಹೊಡೆಯತೊಡಗಿದೆ. ಬಳಗದವರು ಮಿರ್ಚಿ ಬಿಟ್ಟು ಫೋನ್ ಎತ್ತಿ ವಿಡಿಯೋ ಮಾಡತೊಡಗಿದರು. ಗಿರಿಜಾ ಫೋನ್ ಹಿಡಿದು, "ಇನ್ನಾ ಕೆಳಗ ಕುಂದರ್ರಿ, ಅಜ್ಜಾರಿಗೆ ಕಾಣವಲ್ದು," ಎಂದು ಪ್ರೋತ್ಸಾಹಿಸಿದಳು. ಅಜ್ಜ 'ನಿಲ್ಲು' ಅನ್ನುತ್ತಿಲ್ಲ! ಮರೆತರೇನೋ ಎಂದು ಅನುಮಾನ ಬಂತು. ಕೇಳಲು ಉಸಿರಿರಲಿಲ್ಲ.

"ಸಾಕು, ನಿಲ್ಲು!"

ನಿಂತೆ. ಗೇಟು ಹಿಡಿದುಕೊಂಡು ನಿಂತೆ.

"ಮನಸಿಲ್ಲದಂವ ಇಷ್ಟ ಬಸ್ಕಿ ಹೊಡ್ಯಂಗಿಲ್ಲ," ಎಂದು ಅಜ್ಜ ಆ ಕಡೆ ತಿರುಗಿ ತೀರ್ಪು ಕೊಟ್ಟರು. "ಕುಂದರ್ರಿ ಎಲ್ಲಾರೂ. ಸೀರಿ ಬರಾತನಕ ಕಾಯೂಣು."

ಹಿಂದೆ ಸುಮಾ ಅಳುವುದನ್ನು ಬಿಟ್ಟು ಬಿದ್ದುಬಿದ್ದು ನಗುತ್ತಿದ್ದಳು.

ನಮ್ಮ ಮೆರವಣಿಗೆ ಸಿರುಗುಪ್ಪದ ದಾರಿ ಹಿಡಿಯಿತು. ಸುಮಾ ಮಂಟಪದ ಜಾಗವನ್ನು ಫೋನಿಗೆ ಕಳಿಸಿದಳು. ಅದೇ ಫೋನು ಎಡಕ್ಕೆ ಬಲಕ್ಕೆ ಎಂದು ಹೇಳುತ್ತ ನೇರ ಬಾಗಿಲಿಗೆ ಒಯ್ದು ನಿಲ್ಲಿಸಿತು. ಆ ಸಲ ನಾನು ಪರಿಶೀಲಿಸಲಿಲ್ಲ. ನಾನು ಮುಟ್ಟುವ ಮೊದಲೇ ನನ್ನ ಬಸ್ಕಿ ಸಿರುಗುಪ್ಪ ಮುಟ್ಟಿತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವರು ನನ್ನ ಮುಖ ನೋಡಿ ಪನ್ನೀರುದಾನಿ ಕೆಳಗಿಟ್ಟು ನಕ್ಕರು. ಅಕ್ಕ ಬಂದವಳೇ ಚೀಲ ಕಸಿದುಕೊಂಡಳು. "ಚಪ್ಪಲಿ ಮೆಟ್ಟೂಮುಂದ ಹೇಳಿದ್ದಿಲ್ಲೇನೋ ನಿನಗ?"

ಸುಮಾ ನನ್ನ ಸೀರೆಯುಟ್ಟು ಬಂದು ಕೂತಳು. ಉಡಿ ತುಂಬಿತು. ಭಾವ ಮಾತ್ರ ಏನಾಯಿತೆಂದು ಕೊನೆಯವರೆಗೂ ಕೇಳುತ್ತಲೇ ಇದ್ದರು. ಅವರು ಗ್ರೂಪು ಓದುವುದಿಲ್ಲವಲ್ಲ!

ಸೋಮವಾರ ಬೆಳಿಗ್ಗೆ ಗಾಂಧಿನಗರದ ನಮ್ಮ ಬೀದಿಯವರ ಗ್ರೂಪಿನಲ್ಲೂ ಆ ವಿಡಿಯೋ ಕಾಣಿಸಿಕೊಂಡಿತು. ಹಿನ್ನೆಲೆಗೆ ಯಾರೋ ಡೊಳ್ಳು ಸೇರಿಸಿದ್ದರು. ಕೆಳಗೆ ಪಕ್ಕದ ಮನೆಯವರು ಬಹಳ ಗಂಭೀರವಾಗಿ ಬರೆದಿದ್ದರು: 'ಇದು ಸುಳ್ಳು ವಿಡಿಯೋ. ಕಂಪ್ಯೂಟರಿನಲ್ಲಿ ಮಾಡಿದ್ದು. ವೀರೇಶ್ ಸರ್ ಅಂಥವರಲ್ಲ.'

ಮಂಚದಿಂದ ಏಳಲಾರದೆ, ಎರಡೂ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ನಾನು ಅದನ್ನು ಓದಿದೆ. ಸತ್ಯ ಏನೆಂಬುದು ನನಗೆ ಗೊತ್ತಿತ್ತು. ಈ ಸಲ ನೆನಪಿನ ಮೇಲೂ ಅನುಮಾನವಿರಲಿಲ್ಲ. ಪುರಾವೆ ಮೊಣಕಾಲಿನಲ್ಲೇ ಇತ್ತು.

"ಏನಂತ ಬರೀತೀರಿ?" ಎಣ್ಣೆಯ ಕೈಯಲ್ಲೇ ಗಿರಿಜಾ ಇಣುಕಿದಳು.

ನಾನು ಜೀವಮಾನದಲ್ಲಿ ಮೊದಲ ಸಲ ಒಂದು ಸುಳ್ಳು ಸುದ್ದಿಗೆ ಲೈಕ್ ಒತ್ತಿ, ಮಗ್ಗುಲಾಗಿ ಮಲಗಿಕೊಂಡೆ.