ತಿರುವಿನಲ್ಲಿ ಗೊರ್ರ್

ಸಣ್ಣ ತಿರುವುಗಳಲ್ಲಿ ಮೆಲ್ಲಗೆ ಗೊಣಗಿದ್ದು ಬಿಟ್ಟರೆ, ವಾಗೀಶನ ಜೀಪು ಆ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯವರೆಗೂ ಬಾಯಿ ಮುಚ್ಚಿಕೊಂಡೇ ಬಂತು. ಅಂಗಡಿಯ ಮುಂದೆ ಪೂರ್ತಿ ಬಲಕ್ಕೆ ತಿರುಗಿಸಿದ್ದೇ ತಡ, ಹೊಟ್ಟೆಯೊಳಗಿಂದ 'ಗೊರ್ರ್... ಕಟಕ್' ಎಂದು ಗದರಿತು. ಸ್ಟೇರಿಂಗು ಹಟ ಹಿಡಿದ ಎಮ್ಮೆಯ ಕೊರಳಿನಂತೆ ಬಿಗಿಯಿತು. ಮುಂದಿನ ಚಕ್ರಗಳು ಡಾಂಬರನ್ನು ಉಜ್ಜಿಕೊಂಡು ಕಿರುಗುಟ್ಟಿದವು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿಯವನು ಎತ್ತಿದ ಕತ್ತಿಯನ್ನು ಹಾಗೇ ಹಿಡಿದುಕೊಂಡು, "ಏನ್ ಸಾರ್, ಒಳಗಡೆ ಇನ್ನೊಂದು ಕುರಿ ಕಟ್ಟಾಕಿದೀರಾ?" ಎಂದ.

ವಾಗೀಶ ನಗಲಿಲ್ಲ. ಅವನು ಕಾಲೇಜೊಂದರ ಗ್ರಂಥಪಾಲಕ. ಬೇರೆಯವರನ್ನು 'ಶ್' ಎಂದು ಸುಮ್ಮನಾಗಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯ. ಮಾತು ಅವನಿಗೆ ಹೊಸ ಚಪ್ಪಲಿಯ ಹಾಗೆ, ಎಲ್ಲಿ ಹಾಕಿಕೊಂಡರೂ ಕಚ್ಚುತ್ತಿತ್ತು. ವಾರವಿಡೀ ಮನೆಯಲ್ಲಿ ಮಿಕ್ಸಿ, ಬೀದಿಯಲ್ಲಿ ತರಕಾರಿ ಗಾಡಿಯ ಮೈಕು, ಕಾಲೇಜಿನಲ್ಲಿ ಪ್ರಿನ್ಸಿಪಾಲರು. ಭಾನುವಾರ ಮಾತ್ರ ಅವನು ಜೀಪು ಹತ್ತಿ ಇಲವಾಲ ದಾಟಿ, ಯಾವುದಾದರೂ ಕೆರೆಯ ಏರಿ ಪಕ್ಕ ನಿಲ್ಲಿಸಿ ಇಂಜಿನ್ ಆರಿಸುತ್ತಿದ್ದ. ಅಷ್ಟು ಹೊತ್ತು ಬಡಬಡಿಸಿದ ಗಾಡಿ ಸುಮ್ಮನಾದ ಮೇಲೆ ಬರುತ್ತಿದ್ದ ಆ ಮೌನ ಲೈಬ್ರರಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೊಂದು ದಪ್ಪವಿತ್ತು, ಹೊದ್ದುಕೊಳ್ಳಬಹುದಾದಷ್ಟು.

ಆದರೆ ಜೀಪು ಅವನದಲ್ಲ. ಅವನ ಮಾವ ಬೆಟ್ಟಯ್ಯ ಅರಣ್ಯ ಇಲಾಖೆಯಲ್ಲಿ ಡ್ರೈವರಾಗಿದ್ದವರು. ನಿವೃತ್ತರಾದ ಮೇಲೆ ಹರಾಜಿನಲ್ಲಿ ಈ ಹಳೇ ಫೋರ್ ವೀಲ್ ಡ್ರೈವ್ ಜೀಪನ್ನು ಹಿಡಿದು, ಕಾಲು ನೋವು ಶುರುವಾದಾಗ ದೊಡ್ಡ ಅಳಿಯನ ಮನೆ ಮುಂದೆ ತಂದು ನಿಲ್ಲಿಸಿದ್ದರು. ಆರ್.ಸಿ. ಇನ್ನೂ ಅವರ ಹೆಸರಲ್ಲೇ ಇತ್ತು. ಆ ಬೆಟ್ಟಯ್ಯನೇ ಇವತ್ತು ಮಧ್ಯಾಹ್ನದ ಊಟಕ್ಕೆ ಹುಣಸೂರಿನಿಂದ ಬರುವವರಿದ್ದರು. ಮಟನ್ನು, ಅದರ ಜೊತೆಗೆ ಬೋಟಿ, ಎಲ್ಲ ಅವರಿಗಾಗಿಯೇ.

ಒಂಟಿಕೊಪ್ಪಲಿನ ತನ್ನ ಬೀದಿಗೆ ಜೀಪು ಗೊರಗುಟ್ಟುತ್ತಾ ತಿರುಗಿದಾಗ ಹೆಂಡತಿ ಸುಚಿತ್ರಾ ಗೇಟಿನಲ್ಲೇ ನಿಂತಿದ್ದಳು.

"ಏನ್ರೀ ಅದು ಶಬ್ದ? ಅಪ್ಪ ಈಗ ತಾನೇ ಫೋನ್ ಮಾಡಿದ್ರು."

"ಏನಂದ್ರು?"

"ಊಟ ಆಮೇಲೆ, ಮೊದ್ಲು ಜೀಪು ಹೆಂಗದೆ ಅಂತ ನೋಡ್ಬೇಕು ಅಂದ್ರು."

ವಾಗೀಶನ ಕೈಯಲ್ಲಿದ್ದ ಮಟನ್ ಚೀಲ ಭಾರವಾಯಿತು. "ನೋಡ್ಬೇಕು ಅಂದ್ರೆ?"

"ನೋಡ್ಬೇಕು ಅಂದ್ರೆ ನೋಡ್ಬೇಕು. ನನ್ ತಂಗಿ ಪ್ರೀತಿ ಗಂಡ ಬೇರೆ ಯಾವತ್ತಿಂದಲೋ ಅದರ ಮೇಲೆ ಕಣ್ಣಿಟ್ಟವನೆ. ಅಳಿಯಂದ್ರು ಸರಿಯಾಗಿ ನೋಡ್ಕೊಂಡಿಲ್ಲ ಅಂತ ಅಪ್ಪನಿಗೆ ಅನ್ನಿಸ್ತೋ, ಮುಗೀತು."

ವಾಗೀಶನ ಷಡ್ಡಕ ಲೋಕೇಶ ಹಗಲು ರಾತ್ರಿ ಫೋನಿನಲ್ಲಿ ಮಾತಾಡುವ ಮನುಷ್ಯ. ತನ್ನ ಕೆರೆ ಏರಿಯ ಮೌನ ಅವನ ಕೈಸೇರುವುದನ್ನು ನೆನೆದೇ ವಾಗೀಶ ಚೀಲದ ಸಮೇತ ಮತ್ತೆ ಜೀಪು ಹತ್ತಿ ಕೂತ.

ಅಷ್ಟರಲ್ಲಿ ಎದುರು ಮನೆಯ ಪ್ರೇಮಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. ಬೀದಿಯ ಹಿರಿಯ ಮುತ್ತೈದೆ. ಆಯುಧಪೂಜೆಗೆ ಇಡೀ ಬೀದಿಯ ಗಾಡಿಗಳಿಗೆ ಹೂವೇರಿಸಿ ಮಂಗಳಾರತಿ ಎತ್ತುವವರು ಅವರೇ. ಅವರ ಹಿಂದೆಯೇ ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು ಮಹದೇವಸ್ವಾಮಿ, ಪೇಪರನ್ನು ಕಂಕುಳಲ್ಲಿ ಮಡಚಿಟ್ಟುಕೊಂಡು ಹಾಜರಾದರು.

"ಇದು ಗ್ರೈಂಡರ್ ಕಲ್ಲು ಒಣಗಿದ ಶಬ್ದ ಕಣಪ್ಪ," ಎಂದರು ಪ್ರೇಮಮ್ಮ. "ಎಣ್ಣೆ ಬುಡು, ಸರಿಹೋಗುತ್ತೆ."

"ಎಣ್ಣೆ ಅಲ್ಲ ಕಣ್ರೀ," ಮೇಷ್ಟ್ರು ಅಡ್ಡ ಬಂದರು. "ತಿರುಗಿಸಿದಾಗ ಮಾತ್ರ ಬರ್ತದೆ. ನೇರ ಹೋದಾಗ ಇಲ್ಲ. ಅಂದ್ಮೇಲೆ ದೋಷ ಇರೋದು ತಿರುಗೋ ಭಾಗದಲ್ಲಿ."

"ಗಾಡೀಲಿ ತಿರುಗದೇ ಇರೋ ಭಾಗ ಯಾವುದು ಸ್ವಾಮಿ?" ಎಂದಳು ಸುಚಿತ್ರಾ.

ಮೇಷ್ಟ್ರು ಬಗ್ಗಿ ಜೀಪಿನೊಳಗೆಲ್ಲ ಕಣ್ಣಾಡಿಸಿ, "ಸೀಟು," ಎಂದರು.

ವಾಗೀಶ ಇನ್ನು ಅಲ್ಲಿ ನಿಲ್ಲಲಿಲ್ಲ. ಗಡಿಬಿಡಿಯಲ್ಲಿ ಮಟನ್ ಚೀಲವನ್ನು ಸೀಟಿನ ಕೆಳಗೆ ತುರುಕಿ, ಹೆಬ್ಬಾಳಿನ ಮೆಕ್ಯಾನಿಕ್ ಸಿದ್ದುವಿನ ಶೆಡ್ಡಿಗೆ ಜೀಪು ಓಡಿಸಿದ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ಗೊರ್ರ್, ಕಟಕ್. ಒಂದು ಸರ್ಕಲ್ಲಿನಲ್ಲಂತೂ ಟ್ರಾಫಿಕ್ ಪೊಲೀಸು ಸೀಟಿ ಊದುವುದನ್ನು ಮರೆತು ಕಿವಿ ಮುಚ್ಚಿಕೊಂಡ.

ಸಿದ್ದು ಶೆಡ್ಡಿನ ಮುಂದೆ ಟೀ ಕುಡಿಯುತ್ತಾ ಕೂತಿದ್ದ. "ತಿರುಗ್ಸಿ ಸಾರ್, ಕೇಳೋಣ," ಎಂದ.

ವಾಗೀಶ ಶೆಡ್ಡಿನ ಮಣ್ಣಿನ ಅಂಗಳದಲ್ಲಿ ಒಂದು ಸುತ್ತು ಹಾಕಿದ. ಶಬ್ದವಿಲ್ಲ. ಇನ್ನೊಂದು ಸುತ್ತು ಹಾಕಿದ. ಜೀಪು ಡಾಕ್ಟರ ಮುಂದೆ ಕೂರಿಸಿದ ಮಗುವಿನ ಹಾಗೆ ತೆಪ್ಪಗಿತ್ತು.

"ಏನೂ ಇಲ್ವಲ್ಲ ಸಾರ್?"

"ರಸ್ತೇಲಿ ಬರುತ್ತೆ ಸಿದ್ದು. ಈಗ ತಾನೇ ಬರ್ತಿತ್ತು."

"ನನ್ ಹತ್ರ ಬಂದ್ಮೇಲೆ ಎಲ್ಲಾ ಗಾಡಿನೂ ಹಂಗೇ," ಎಂದು ಸಿದ್ದು ಹೆಮ್ಮೆಯಿಂದ ಜೀಪಿನ ಕೆಳಗೆ ತೂರಿದ. ಅಲ್ಲಿಂದಲೇ ವರದಿ ಬರತೊಡಗಿತು. "ಶಾಫ್ಟ್ ಜಾಯಿಂಟಲ್ಲಿ ಸ್ವಲ್ಪ ಆಟ ಇದೆ... ಆದ್ರೂ ಪರವಾಗಿಲ್ಲ... ಬೋಲ್ಟ್ ಟೈಟ್ ಮಾಡ್ದೆ... ಗೇರ್ ಆಯಿಲ್ ಸರಿಯಾಗಿದೆ... ನೀವು ಅಷ್ಟು ಹೇಳ್ತೀರಾ ಅಂದ್ರೆ ಮುಂದಿನ ಹೌಸಿಂಗ್ ಇಳಿಸಿಬುಡೋಣ ಸಾರ್."

"ಎಷ್ಟು ಹೊತ್ತಾಗುತ್ತೆ?"

"ಹೊತ್ತಾ? ಬುಧವಾರ ಬನ್ನಿ."

ಬುಧವಾರದ ಹೊತ್ತಿಗೆ ಜೀಪು ಲೋಕೇಶನ ಮನೆ ಮುಂದೆ ಇರುತ್ತದೆ. ವಾಗೀಶ ಜೀಪನ್ನು ಡಾಂಬರಿಗೆ ಹತ್ತಿಸಿದ. ಮೊದಲ ತಿರುವಿನಲ್ಲೇ ಅದು ಗೊರ್ರೆಂದಿತು, ಅಣಕಿಸಿದ ಹಾಗೆ.

ಮನೆಗೆ ಬಂದರೆ ಪ್ರೇಮಮ್ಮನೂ ಮೇಷ್ಟ್ರೂ ಪೂರ್ತಿ ಸಿದ್ಧವಾಗಿ ಕಾಯುತ್ತಿದ್ದರು. ಮೇಷ್ಟ್ರ ಕೈಯಲ್ಲಿ ಪ್ರೇಮಮ್ಮನ ಮನೆಯ ಹಿತ್ತಾಳೆ ಊದುಗೊಳವೆ.

"ಶಬ್ದಕ್ಕೆ ಘನವಸ್ತುವಿನಲ್ಲಿ ವೇಗ ಜಾಸ್ತಿ," ಎಂದು ಅವರು ವಿವರಿಸಿದರು. "ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಕಿವಿಗೆ. ದೋಷ ಎಲ್ಲಿದೆ ಅಂತ ಅದೇ ಹೇಳುತ್ತೆ. ನೀನು ನಿಧಾನ ತಿರುಗಿಸ್ತಾ ಇರು."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಜೀಪಿನ ಪಕ್ಕದಲ್ಲೇ ಬಗ್ಗಿ, ಊದುಗೊಳವೆಯನ್ನು ಅದರ ಹೊಟ್ಟೆಗೆ ಚುಚ್ಚಿ ಹಿಡಿದು, ಬಾತುಕೋಳಿಯ ಹಾಗೆ ಕುಪ್ಪಳಿಸುತ್ತಾ ಹಿಂಬಾಲಿಸಿದರು. ಬಾಗಿಲುಗಳು ತೆರೆದವು. ಬೀದಿ ತುಂಬ ಜನ. ಮಟನ್ ವಾಸನೆ ಹಿಡಿದ ನಾಯಿಗಳೂ ಒಂದೊಂದಾಗಿ ಜೊತೆಗೂಡಿದವು. ಅವುಗಳಲ್ಲೊಂದು ಮೇಷ್ಟ್ರ ಬೆನ್ನಿನ ಮೇಲೆ ಮುಂಗಾಲಿಟ್ಟು, ಸೀಟಿನ ಕೆಳಗೆ ಮೂತಿ ತೂರಿಸಿ, ಬೋಟಿಯ ಪೊಟ್ಟಣವನ್ನು ಎಳೆದುಕೊಂಡು ಓಡಿತು.

"ಅಯ್ಯೋ, ಅಪ್ಪನ ಬೋಟಿ!" ಎಂದು ಸುಚಿತ್ರಾ ಕಿರುಚಿದಳು.

"ಶ್! ಕೇಳಿಸ್ತಾ ಇದೆ!" ಎಂದು ಮೇಷ್ಟ್ರು ಅವಳಿಗಿಂತ ಜೋರಾಗಿ ಕಿರುಚಿದರು. "ಶಬ್ದ ಮಧ್ಯದಿಂದ ಬರ್ತಾ ಇದೆ ವಾಗೀಶ! ಆ ಎರಡು ಕಡ್ಡಿ ಇದಾವಲ್ಲ, ಅವುಗಳ ಬುಡದಿಂದ!"

ವಾಗೀಶ ತನ್ನ ಎಡಗೈ ಪಕ್ಕ ನೋಡಿದ. ಉದ್ದನೆಯ ಗೇರ್ ಕಡ್ಡಿ. ಅದರ ಪಕ್ಕ ಫೋರ್ ವೀಲಿನ ಚಿಕ್ಕ ಕಡ್ಡಿ. ಇಷ್ಟು ವರ್ಷದಲ್ಲಿ ಅವನು ಆ ಚಿಕ್ಕದನ್ನು ಒಂದು ದಿನವೂ ಮುಟ್ಟಿದವನಲ್ಲ. ಮಾವನೂ ಅದನ್ನು ಕಾಡಿನ ಕೆಸರಿಗೆ ಮಾತ್ರ ಎಂದು ಹೇಳಿದ್ದರು. ಈಗ ಎರಡರ ಮೇಲೂ ಆಯುಧಪೂಜೆಯ ಸೇವಂತಿಗೆ ಹಾರ. ದಸರೆಯ ಜನಜಂಗುಳಿಗೆ ಹೆದರಿ ಅವನು ಪೂಜೆಯಾದ ಮೇಲೆ ಜೀಪನ್ನು ಇವತ್ತೇ ಹೊರಗೆ ತೆಗೆದದ್ದು. ದೇವರಿಗೆ ಹಾಕಿದ ಹಾರ ತಾನಾಗಿ ಒಣಗಿ ಉದುರುವ ತನಕ ತೆಗೆಯಬಾರದೆಂದು ಸಿದ್ದು ಕೂಡ ಅದನ್ನು ಮುಟ್ಟಿರಲಿಲ್ಲ.

ವಾಗೀಶ ಹೂವನ್ನು ಮೆಲ್ಲಗೆ ಸರಿಸಿದ. ಚಿಕ್ಕ ಕಡ್ಡಿ ಇರಬೇಕಾದ ಕಡೆ ಇರಲಿಲ್ಲ. ದೊಡ್ಡದಕ್ಕೆ ಸರಿಯಾಗಿ, ಮುಂದಕ್ಕೆ ಸರಿದು ನಿಂತಿತ್ತು.

"ಪ್ರೇಮಮ್ಮ," ಎಂದ ಅವನು ನಿಧಾನವಾಗಿ, "ಪೂಜೆ ದಿನ ಈ ಕಡ್ಡೀನ ಏನಾದ್ರೂ..."

"ಹೂಂ ಕಣಪ್ಪ, ನಾನೇ ತಳ್ಳಿದ್ದು," ಎಂದರು ಪ್ರೇಮಮ್ಮ, ಕೊಂಚವೂ ಅಳುಕದೆ. "ಒಂದು ಮುಂದೆ, ಒಂದು ಹಿಂದೆ ನಿಂತಿದ್ವು. ಹಾರ ಹಾಕಿದ್ರೆ ಸೊಟ್ಟಗೆ ಜೋತು ಬೀಳ್ತಿತ್ತು. ಪೂಜೆಗೆ ಕೂತ ಗಾಡಿ ಚೆನ್ನಾಗಿ ಕಾಣ್ಬೇಡ್ವಾ? ಎರಡನ್ನೂ ಸಮ ಮಾಡ್ದೆ."

ಮೇಷ್ಟ್ರು ಎದ್ದು ನಿಂತು ಕಿವಿಯೊಳಗಿನ ಮಸಿ ಒರೆಸಿಕೊಂಡರು. "ನಾಲ್ಕೂ ಚಕ್ರಕ್ಕೆ ಇಂಜಿನ್ ಕಟ್ಟಿದ ಹಾಗಾಯ್ತು. ತಿರುಗುವಾಗ ಮುಂದಿನವು ಹೆಚ್ಚು ದೂರ ಓಡ್ಬೇಕು, ಹಿಂದಿನವು ಬಿಡ್ತಾ ಇಲ್ಲ. ಡಾಂಬರ್ ಮೇಲೆ ಒಂದನ್ನೊಂದು ಎಳೆದಾಡ್ತವೆ. ಮಣ್ಣಾದ್ರೆ ಜಾರಿಕೊಂಡು ಸುಮ್ಮನಿರ್ತವೆ. ನಾನು ಆಗಲೇ ಹೇಳಿದೆನಲ್ಲ, ತಿರುಗೋ ಭಾಗ ಅಂತ!"

ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಬರಲಿಲ್ಲ. ಮೇಷ್ಟ್ರೂ ಕೈ ಹಾಕಿದರು. ಹಲ್ಲು ಕಚ್ಚಿ ಹಿಡಿದಿತ್ತು. "ಸ್ವಲ್ಪ ಹಿಂದಕ್ಕೆ ಓಡ್ಸಿ ಎಳೀರಿ," ಎಂದರು ಪ್ರೇಮಮ್ಮ, "ಸಿಕ್ಕಾಕೊಂಡ ಬೀರು ಡ್ರಾಯರ್ ನಮ್ಮನೇಲಿ ಹಂಗೇ ಬರೋದು." ವಾಗೀಶ ಒಂದು ಮೊಳ ರಿವರ್ಸ್ ತೆಗೆದುಕೊಂಡ. ಕಡ್ಡಿ ಬೆಣ್ಣೆಯಿಂದ ಕೂದಲು ಬಂದ ಹಾಗೆ ಕಳಚಿಕೊಂಡಿತು.

ಬಲಕ್ಕೆ ತಿರುಗಿಸಿದ. ಸದ್ದಿಲ್ಲ. ಎಡಕ್ಕೆ ತಿರುಗಿಸಿದ. ಸದ್ದಿಲ್ಲ. ಬೀದಿಯವರು ಚಪ್ಪಾಳೆ ತಟ್ಟಿದರು. ವಾಗೀಶನಿಗೆ ಆ ಚಪ್ಪಾಳೆಯೂ ಹಿತವಾಗಿ ಕೇಳಿಸಿತು.

ಬೆಟ್ಟಯ್ಯ ಬಂದವರೇ ಒಳಗೆ ಕಾಲಿಡಲಿಲ್ಲ. ಎಲೆಅಡಿಕೆ ಜಗಿಯುತ್ತಾ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಡಗಡೆ ಸೀಟಿನಲ್ಲಿ ಕೂತು, "ನಡೀರಿ ಅಳಿಯಂದ್ರೇ, ಒಂದ್ ರೌಂಡು," ಎಂದರು.

ವಾಗೀಶ ಓಡಿಸಿದ. ಒಂದು ತಿರುವು, ಎರಡು ತಿರುವು. ಬೆಟ್ಟಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದರು. ಜೀಪು ಜೋಳಿಗೆಯಲ್ಲಿ ಮಲಗಿದ ಕೂಸಿನಂತೆ ಉಸಿರಾಡುತ್ತಿತ್ತು. ವಾಗೀಶನ ಎದೆ ಉಬ್ಬಿತು.

"ಭೇಷ್," ಎಂದರು ಬೆಟ್ಟಯ್ಯ. "ಎಂಗೆ ಕೊಟ್ಟಿದ್ನೋ ಅಂಗೇ ಮಡ್ಗಿದೀರಿ. ಈಗ ಒಂದ್ ಮಾತು. ಲೋಕೇಶ ಕೋಟೆ ತಾಲೂಕಿನ ಕಡೆ ಶುಂಠಿ ಹಾಕೋಕೆ ಜಮೀನು ಗುತ್ತಿಗೆ ಹಿಡ್ದವನೆ. ದಾರಿ ಅಂದ್ರೆ ಬರೀ ಕೆಸರು. ಜೀಪು ಕೊಡಿ ಮಾವ ಅಂತ ಒಂದೇ ಸಮನೆ ಪೀಡಿಸ್ತಾವನೆ. ಗಾಡಿ ಲಟಾರಿ ಆಗಿದ್ರೆ ಇಲ್ಲೇ ಬಿದ್ದಿರ್ಲಿ, ಕೆಟ್ಟಿದ್ದು ಕೊಟ್ಟು ಆಮೇಲೆ ಅವನ ಕೈಲಿ ಮಾತು ಕೇಳೋದ್ಯಾಕೆ ಅಂದ್ಕಂಡೇ ಬಂದೆ. ಇದು ನೋಡುದ್ರೆ ಹೊಸ ಗಾಡಿ ಇದ್ದಂಗದೆ. ನಿಮಗೇನು, ಊರೊಳಗೆ ಸ್ಕೂಟರ್ ಸಾಕು."

ವಾಗೀಶನಿಗೆ ರಸ್ತೆ ಒಂದು ಕ್ಷಣ ಕಾಣಲಿಲ್ಲ. ಬೆಳಿಗ್ಗೆಯಿಂದ ಬೀದಿಯೆಲ್ಲ ಒಂದಾಗಿ ಓಡಿಸಿದ್ದ ಆ ಗೊರ್ರ್ ತನ್ನ ಕಾವಲುಗಾರನಾಗಿತ್ತು! "ಮಾವ, ಇದು... ಕೆಲವು ಸಲ ಶಬ್ದ ಮಾಡುತ್ತೆ," ಎಂದ.

"ಎಲ್ಲಿ? ನನ್ಗೆ ಕೇಳಿಸ್ನಿಲ್ವಲ್ಲ."

"ತಿರುವಿನಲ್ಲಿ. ತುಂಬಾ ಕೆಟ್ಟದಾಗಿ."

ಬೆಟ್ಟಯ್ಯ ಎಲೆಅಡಿಕೆ ಉಗಿಯಲು ಆಚೆಗೆ ಬಾಗಿದರು. ವಾಗೀಶ ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಕೈಯಾರೆ ಚಿಕ್ಕ ಕಡ್ಡಿಯನ್ನು ಮುಂದಕ್ಕೆ ತಳ್ಳಿ, ನೀರಿನ ಟ್ಯಾಂಕಿನ ಮೂಲೆಯಲ್ಲಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಎಳೆದ. ಗೊರ್ರ್... ಕಟಕ್... ಗೊರ್ರ್! ಇಷ್ಟು ಇಂಪಾದ ಶಬ್ದವನ್ನು ಅವನು ಕೇಳಿಯೇ ಇರಲಿಲ್ಲ.

"ಕೇಳಿದ್ರಾ ಮಾವ?" ಎಂದ, ಆದಷ್ಟು ಸಪ್ಪೆ ಮೋರೆ ಮಾಡಿಕೊಂಡು.

ಬೆಟ್ಟಯ್ಯ ಕೇಳಿದರು. ಹುಬ್ಬು ಮೇಲೇರಿತು. "ಇನ್ನೊಂದ್ಸಲ ತಿರುಗ್ಸಿ."

ವಾಗೀಶ ಉತ್ಸಾಹದಿಂದ ತಿರುಗಿಸಿದ. ಗೊರ್ರ್!

"ಅಳಿಯಂದ್ರೇ!" ಬೆಟ್ಟಯ್ಯ ಅವನ ಭುಜಕ್ಕೆ ಬಲವಾಗಿ ಹೊಡೆದರು. ಕಣ್ಣಲ್ಲಿ ನೀರಾಡುತ್ತಿತ್ತು. "ಫೋರ್ ವೀಲ್ ಹಾಕಿದ್ರಾ? ನಾಲ್ಕೂ ಚಕ್ರ ಹಿಡ್ದವೆ! ಇಷ್ಟು ವರ್ಷ ಯಾರೂ ಮುಟ್ಟಿಲ್ಲ, ಒಳಗೆ ತುಕ್ಕಿಡಿದು ಸತ್ತೋಗಿರ್ತದೆ, ಅದಿಲ್ದಿದ್ರೆ ಜೀಪೇ ಬೇಡ ಅಂತ ಲೋಕೇಶಂದು ಒಂದೇ ರಾಗ. ಎಂಗೆ ಕೇಳೋದು ನಿಮ್ಮನ್ನ ಅಂತ ಸಂಕೋಚ ಪಟ್ಕಂಡ್ ಕೂತಿದ್ದೆ. ಬಾಯ್ಬುಟ್ಟು ಕೇಳೋಕ್ಮುಂಚೆ ನೀವೇ ಹಾಕಿ ತೋರಿಸ್ಬುಟ್ರಲ್ಲ! ಎಂಥ ದೊಡ್ಡ ಮನಸು!"

ಹೇಳುತ್ತಾ ಹೇಳುತ್ತಾ ಜೇಬಿನಿಂದ ಫೋನು ತೆಗೆದು, "ಲೋಕೇಶಾ, ಕೇಳ್ಕೊ ಇಲ್ಲಿ," ಎಂದು ಕೂಗಿ, ಅದನ್ನು ಚಿಕ್ಕ ಕಡ್ಡಿಯ ಬುಡಕ್ಕೆ ಹಿಡಿದರು. ಆಚೆಯಿಂದ ಸಂತೋಷದ ಕೇಕೆಯೊಂದು ಬಂತು. ಜೀಪು ಒಯ್ಯಲು ಸಂಜೆಯ ಬಸ್ಸಿಗೇ ಬರುತ್ತಾನಂತೆ.

"ಇನ್ನೊಂದ್ಸಲ ತಿರುಗ್ಸಿ ಅಳಿಯಂದ್ರೇ," ಎಂದರು ಬೆಟ್ಟಯ್ಯ, "ರೆಕಾರ್ಡ್ ಮಾಡ್ಕೊತಾನಂತೆ."

ವಾಗೀಶ ತಿರುಗಿಸಿದ.