ಹುಲಿ ಕಲ್ಲಿಗೆ ಹಸು ಬೋರ್ಡು

ನಾನು ಬೋರ್ಡು ನೆಡುವವನು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರಸ್ತೆ ಬದಿಯಲ್ಲಿ ಹಳೇ ಶಾಸನ, ವೀರಗಲ್ಲು ಇದ್ದ ಕಡೆ ಗುಂಡಿ ತೋಡಿ, ಅದರ ಚರಿತ್ರೆ ಬರೆದ ಬೋರ್ಡು ನಿಲ್ಲಿಸಿ ಬರುವುದು ನನ್ನ ಕೆಲಸ. ಸತ್ತವರ ವಿಚಾರ, ತಣ್ಣಗಿರುತ್ತೆ ಅಂದುಕೊಂಡೇ ಸೇರಿದ್ದೆ. ಎಲ್ಲಿಯ ತಣ್ಣಗೆ! ಬದುಕಿರುವವರು ಬಿಡಬೇಕಲ್ಲ. ಗುತ್ತಿಗೆ ನೌಕರಿ ಬೇರೆ. ವರ್ಷಕ್ಕೊಮ್ಮೆ ಸಾಹೇಬರು ಬಂದು ಬೋರ್ಡುಗಳನ್ನು ನೋಡಿ ಸಹಿ ಹಾಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಮನೆಗೆ.

ಟೇಪು ಹಿಡಿದವನು

ಬದನಗುಪ್ಪೆ ಕಡೆ ಟೇಪು ಹಿಡಿದು ನೆಲ ಅಳೆಯಲೇಬಾರದು. ಕೈಗಾರಿಕೆಗೆ ಜಮೀನು ಹೋದ ಸೀಮೆ ಅದು. ನಾನು ಗುಂಡಿಗೆ ಅಳತೆ ಹಾಕುತ್ತಿದ್ದಂತೆ ಅರ್ಧ ಊರೇ ಸುತ್ತ ನಿಂತುಬಿಟ್ಟಿತು. ಒಬ್ಬ ಅಜ್ಜಿ ಹಾರೆಯನ್ನೇ ಹಿಡಿದುಕೊಂಡರು.

"ಯಾವ ಕಂಪ್ನಿಯೋನ್ಲಾ ನೀನು? ಎಷ್ಟು ಎಕ್ರೆ ಓಯ್ತದೆ ಯೋಳು."

"ಎಕರೆ ಇಲ್ಲ ಅಜ್ಜಿ, ಒಂದೇ ಒಂದು ಕಂಬ. ಇಲ್ಲೊಬ್ಬ ವೀರ ಸತ್ತಿದ್ದಾನೆ, ಅವನ ವಿಚಾರ ಬರೆದು ಹಾಕೋದು."

"ಯಾವಾಗ ಸತ್ತಿದ್ದು?"

"ರಾಜರ ಕಾಲದಲ್ಲಿ."

ಅಜ್ಜಿ ಹಾರೆ ಬಿಟ್ಟು ಎದೆ ಮೇಲೆ ಕೈಯಿಟ್ಟುಕೊಂಡರು. "ಸದ್ಯ ಕಣಪ್ಪಾ, ಸತ್ತೋನ್ ಇಚಾರ್ವಾ? ಅಂಗಾದ್ರೆ ಎಷ್ಟು ಬೇಕಾದ್ರೂ ಅಗ್ಕೋ!"

ಅವತ್ತು ಎರಡು ಸಲ ಟೀ ಬಂತು.

ಕಾಲು ಮುರಿದ ದೊಡ್ಡಪ್ಪ

ಗುಂಡ್ಲುಪೇಟೆ ಹೆದ್ದಾರಿಯಲ್ಲಿ ಬಂಡೀಪುರಕ್ಕೆ ಹೋಗುವ ಕಾರುಗಳು ಏನು ಕಂಡರೂ ನಿಲ್ಲುತ್ತವೆ. ನನ್ನ ಬೋರ್ಡಿಗೂ ನಿಂತವು. ಪಕ್ಕದ ಹೊಲದ ಸೂರ್ಯಕಾಂತಿಯ ಮುಂದೆ ಜನ ಫೋಟೋ ತೆಗೆಸಿಕೊಂಡಿದ್ದೇ ತೆಗೆಸಿಕೊಂಡಿದ್ದು, ಆ ಹೊಲದವನ ಕಲ್ಲಂಗಡಿಯೂ ಖಾಲಿ. ವಾರದಲ್ಲೇ ಅದರಾಚೆ ಹೊಲದ ಯಜಮಾನ ನನ್ನ ಬೈಕಿಗೆ ಅಡ್ಡ ನಿಂತ.

"ನಮ್ ಹೊಲ್ದ ತಾವ್ಕೂ ಒಂದು ಬೋರ್ಡ್ ಹಾಕ್ಬುಡಣ್ಣ."

"ಅಲ್ಲೇನಾದ್ರೂ ಕಲ್ಲಿದೆಯಾ?"

"ಬೇಕಾದಷ್ಟವೆ, ಉಳಾಕೇ ಆಗಕಿಲ್ಲ."

"ಅಂಥ ಕಲ್ಲಲ್ಲಪ್ಪ. ಯಾರಾದ್ರೂ ಹೋರಾಡಿ ಸತ್ತಿರಬೇಕು."

ಅವನು ತಲೆ ಕೆರೆದುಕೊಂಡ. ವಂಶದಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲವೆಂದು ಕಾಣುತ್ತೆ. ಕೊನೆಗೆ ಮೆಲ್ಲಗೆ ಕೇಳಿದ: "ನಮ್ ದೊಡ್ಡಪ್ಪ ಹಂದಿ ಓಡ್ಸಕ್ಕೋಗಿ ಬಿದ್ದು ಕಾಲು ಮುರ್ಕಂಡಿದ್ದ. ಅಷ್ಟು ಸಾಲ್ದಾ?"

ಸಾಹೇಬರು ಬಂದ ದಿನ

ಹೋದ ವರ್ಷದ ತಪಾಸಣೆಗೆ ಎರಡೇ ಬೋರ್ಡು ಬಾಕಿ ಇದ್ದವು. ಹರದನಹಳ್ಳಿ ದಾಟಿದ ಮೇಲೆ ಅಕ್ಕಪಕ್ಕದ ಎರಡು ಹಳ್ಳಿ. ಮೊದಲನೆಯದರಲ್ಲಿ ಹಸು ಕಲ್ಲು, ಅಂದರೆ ದನಗಳ್ಳರ ಜೊತೆ ಕಾದಾಡಿ ಮಡಿದವನದು. ಎರಡನೆಯದರಲ್ಲಿ ಹುಲಿ ಕಲ್ಲು, ಹುಲಿಯ ಜೊತೆ ಕಾದಾಡಿ ಮಡಿದವನದು. ಬೋರ್ಡುಗಳಿಗೆ ಸುತ್ತಿದ ಗೋಣಿಯನ್ನು ಸಾಹೇಬರು ಬರುವ ದಿನವೇ ಬಿಚ್ಚಬೇಕೆಂದು ಆರ್ಡರು.

ಅವತ್ತು ಬೆಳಿಗ್ಗೆ ಮೊದಲ ಹಳ್ಳಿಗೆ ಹೋಗಿ ಗೋಣಿ ಬಿಚ್ಚಿದೆ. ಹಸು ಕಲ್ಲಿನ ಪಕ್ಕ ಹುಲಿ ಬೋರ್ಡು! ಅದಲು ಬದಲು ನೆಟ್ಟುಬಿಟ್ಟಿದ್ದೆ. ಕಾಂಕ್ರೀಟು ಹಾಕಿದ ಕಂಬ, ಸಾಹೇಬರು ಬರುವಷ್ಟರಲ್ಲಿ ಕೀಳುವಂತಿಲ್ಲ. ಮೊನ್ನೆತಾನೆ ಮಗಳನ್ನು ಕಾಲೇಜಿಗೆ ಸೇರಿಸಿದ್ದೆ, ಈ ಕೆಲಸ ಹೋದರೆ ಗತಿಯೇನು?

ಜಗಲಿ ಮೇಲೆ ಕೂತಿದ್ದ ಗೌಡರು, ಗುಂಡಿ ತೋಡುವಾಗ ಪರಿಚಯವಾದವರು, ಕೇಳಿದರು: "ಯಾಕ್ಲಾ ಮಗ, ಮಖ ಸಪ್ಗಾಗದೆ?" ಎಲ್ಲ ಹೇಳಿಕೊಂಡೆ. ಅಷ್ಟರಲ್ಲಿ ಜೀಪು ಬಂತು.

ಸಾಹೇಬರು ಬೋರ್ಡು ಓದಿದರು, ಕಲ್ಲು ನೋಡಿದರು, ಮತ್ತೆ ಬೋರ್ಡು ಓದಿದರು. "ಹಸು ಕಾಣ್ತಿವೆ. ಹುಲಿ ಎಲ್ಲಯ್ಯಾ?"

ಗೌಡರೇ ಎದ್ದು ಬಂದರು. "ಹಸ ತಿನ್ನಾಕೇ ಹುಲಿ ಬಂದಿದ್ದು ಸಾ. ನಮ್ಮೂರೋನು ಒಂದೇಟು ಬುಟ್ಟ ನೋಡಿ, ಓಡೋಯ್ತು. ನಿಂತ್ಕಂಡಿದ್ರೆ ಅದ್ನೂ ಕೆತ್ತೋರು. ಓಡೋದ್ಮೇಲೆ ಎಂಗ್ ಕೆತ್ತಾರು ಯೋಳಿ?"

ಸಾಹೇಬರು "ಹೂಂ" ಅಂದು ಬರೆದುಕೊಂಡರು. ನಾನು ಜೀಪು ಹತ್ತುವಾಗ ಗೌಡರು ಮುಂದಿನ ಹಳ್ಳಿಗೆ ಕೊಟ್ಟ ಮಗಳಿಗೆ ಫೋನು ಹಚ್ಚಿದ್ದರು: "ಸಾಹೇಬ್ರು ಬತ್ತಾವ್ರೆ ಕಣಮ್ಮಿ. ನಿಮ್ಮೂರ್ ಕಲ್ಲಲ್ಲಿರೋ ಹುಲೀನ ಬಿರ್ನೆ ಮುಚ್ಬುಡು, ಏನಾರಾ ಮಾಡು!"

ದಾರಿಯುದ್ದಕ್ಕೂ ಶಿವ ಶಿವ ಅಂದುಕೊಂಡೆ. ಇಳಿದು ನೋಡಿದರೆ ಕಲ್ಲಿಗೆ ಹೊಸಾ ಹಸಿರು ಸೀರೆ! ಅರಿಶಿನ, ಕುಂಕುಮ, ಚೆಂಡು ಹೂವಿನ ಹಾರ, ಊದುಬತ್ತಿಯ ಹೊಗೆ. ಹುಲಿಯ ಬಾಲವೂ ಕಾಣದು. ಸಾಹೇಬರು ದನಗಳ್ಳರ ಬೋರ್ಡು ಓದಿ ಕೇಳಿದರು: "ಇಲ್ಲಿ ದನ ಎಲ್ಲಮ್ಮ?"

"ಸೀರೆ ಒಳ್ಗವೆ ಸಾ," ಅಂದಳು ಗೌಡರ ಮಗಳು, ಏದುಸಿರು ಬಿಡುತ್ತಲೇ.

"ಸ್ವಲ್ಪ ಸರಿಸಿ, ನೋಡೋಣ."

ಆಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಶಿವ್ನೇ! ದೊಡ್ಡ ಮನ್ಸರು ನೀವು, ಅಮ್ಮನ ಸೀರೆ ಎಳೀರಿ ಅಂತೀರಾ?"

ಸಾಹೇಬರು ಎರಡು ಹೆಜ್ಜೆ ಹಿಂದೆ ಹೋದರು. ಬೂಟು ಬಿಚ್ಚಿ ಕೈ ಮುಗಿದು, ಕೊಟ್ಟ ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು, ಜೀಪಿನಲ್ಲಿ ಕೂತವರೇ ನನ್ನ ಕಾಗದಕ್ಕೆ ಸಹಿ ಹಾಕಿದರು. ಇನ್ನೊಂದು ವರ್ಷ! ಹೋದ ಜೀವ ಬಂದ ಹಾಗಾಯಿತು. ಕಣ್ಣಲ್ಲಿ ನೀರೇ ಬಂತು ಅನ್ನಿ.

ಜೀಪು ಹೊರಟಿತು. ಸಾಹೇಬರು ನಿಧಾನವಾಗಿ ಹಣ್ಣು ಸುಲಿಯುತ್ತಾ ಹೇಳಿದರು: "ಸೋಮವಾರದೊಳಗೆ ಆ ಎರಡು ಬೋರ್ಡನ್ನೂ ಅದಲು ಬದಲು ಮಾಡಿಬಿಡು."

"ಸಾರ್... ನಿಮಗೆ ಹೇಗೆ..."

"ಸೆರಗಿನ ಸಂದಿಯಲ್ಲಿ," ಅಂದರು ಸಾಹೇಬರು, "ಅಮ್ಮನ ಮೀಸೆ ಕಾಣ್ತಿತ್ತು ಕಣಯ್ಯಾ."